ಗ್ಲೋಬ್ ಅಂಗಳದಲ್ಲಿ ನಿಂತು ನೋಡಿದ ಟ್ವೆಲ್ತ್ ನೈಟ್

ಲಂಡನ್‌ಗೆ ಕೆಲಸದ ಮೇಲೆ ಹೋಗಿದ್ದಾಗ ಒಂದು ಮಧ್ಯಾಹ್ನ ಫ್ರೀ ಸಿಕ್ತು, ಥೇಮ್ಸ್ ದಂಡೆಯ ಗ್ಲೋಬ್ ಥಿಯೇಟರಿಗೆ ಹೋಗಿ ಶೇಕ್ಸ್‌ಪಿಯರ್‌ದು ಟ್ವೆಲ್ತ್ ನೈಟ್ ನೋಡ್ದೆ. 1599ರ ಥಿಯೇಟರು 1613ರಲ್ಲಿ ಸುಟ್ಟುಹೋಯ್ತು, ಈಗಿರೋದು 1997ರಲ್ಲಿ ಓಪನ್ ಆಗಿದ್ದು, ಆದ್ರೆ ಅಂಗಳಕ್ಕೆ ಇವತ್ತಿಗೂ ಸೂರಿಲ್ಲ, ಆಗ ಒಂದು ಪೆನ್ನಿ ಕೊಟ್ಟು ಜನ ನಿಲ್ತಿದ್ದ ಹಾಗೇ ನಾನೂ ಸ್ಟೇಜಿಗೆ ಮೊಣಕೈ ಊರಿ ನಿಂತೆ.

ಡಿಗ್ರೀಲಿ ಈ ನಾಟಕ ಇತ್ತು. ಡ್ರಾಮ್ಯಾಟಿಕ್ ಐರನಿ (ಪಾತ್ರಕ್ಕೆ ಗೊತ್ತಿಲ್ಲದ್ದು ನೋಡೋರಿಗೆ ಗೊತ್ತಿರೋದು), ಅಸೈಡ್ (ಪಕ್ಕದ ಪಾತ್ರಕ್ಕೆ ಕೇಳದ ಹಾಗೆ ಆಡೋ ಮಾತು), ಡಿಸ್‌ಗೈಸ್ (ವೇಷ ಮರೆಸೋದು) ಅಂತ ನೋಟ್ಸ್ ಬಾಯಿಪಾಠ ಮಾಡಿದ್ದೆ. ಅವೆಲ್ಲ ನೋಡೋರ ಮೇಲೆ ಏನು ಕೆಲಸ ಮಾಡ್ತವೆ ಅಂತ ಗೊತ್ತಾಗಿದ್ದು ಅವತ್ತೇ.

ವಯೋಲಾ ಗಂಡುವೇಷದಲ್ಲಿ ತನ್ನ ಒಡೆಯ ಡ್ಯೂಕ್‌ನ ಪ್ರೀತಿ ತಿಳಿಸೋಕೆ ಒಲಿವಿಯಾ ಮನೆಗೆ ಬರ್ತಾಳೆ. ಒಲಿವಿಯಾ ಮೊದ್ಲು ಗದ್ಯದಲ್ಲೇ ಕೊಂಕು ಮಾತಾಡ್ತಾಳೆ, ಮುಖದ ಪರದೆ ಸರಿಸಿ ಸ್ವಲ್ಪ ಹೊತ್ತಿಗೆ ಅವಳ ಮಾತೂ ಮೆಲ್ಲಗೆ ಪದ್ಯಕ್ಕೆ ಜಾರುತ್ತೆ. ಮನಸ್ಸು ಸೋತಿದ್ದು ಕಿವಿಗೇ ಗೊತ್ತಾಗುತ್ತೆ. ಆ ಕಾಲದಲ್ಲಿ ಹೆಣ್ಣು ಪಾತ್ರಗಳನ್ನೆಲ್ಲ ಹುಡುಗರೇ ಮಾಡ್ತಿದ್ದಿದ್ದು, ಹುಡುಗ ಹೆಣ್ಣಾಗಿ ಆ ಹೆಣ್ಣು ಮತ್ತೆ ಗಂಡಾಗಿ, ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದೋರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ.

ಆಮೇಲೆ ಬಂತು ಕಾಗದದ ಸೀನ್. ಒಲಿವಿಯಾ ಮನೆಯ ಮೇಲ್ವಿಚಾರಕ ಮಾಲ್ವೋಲಿಯೋನ ಬೇಸ್ತು ಬೀಳಿಸೋಕೆ ಅವಳ ಸಖಿ ಮರಿಯಾ ಒಡತಿಯ ಅಕ್ಷರದಲ್ಲೇ ಬರೆದು ದಾರೀಲಿ ಬಿಸಾಕಿರೋ ಸುಳ್ಳು ಪ್ರೇಮಪತ್ರ. ಎಂ, ಓ, ಎ, ಐ ಅನ್ನೋ ನಾಲ್ಕು ಅಕ್ಷರಾನ ಮಾಲ್ವೋಲಿಯೋ ತನ್ನ ಹೆಸರಿಗೆ ಹೊಂದಿಸೋಕೆ ಒದ್ದಾಡ್ತಾನೆ, ಹಿಂದೆ ಬಚ್ಚಿಟ್ಕೊಂಡ ಮೂವರು ಆಡ್ಕೊಳ್ಳೋದು ನಮಗೆಲ್ಲ ಕೇಳುತ್ತೆ ಅವನಿಗೆ ಕೇಳಲ್ಲ. ಹಗಲು ಬೆಳಕು, ಆ ನಟ ಬಗ್ಗಿ ನನ್ನ ಮುಖಾನೇ ನೋಡ್ಕೊಂಡು ಓದಿದ, ನಾನು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆ. ಅವನು ಕಾಗದದಲ್ಲಿ ಹೇಳಿದ ಹಾಗೆ ಹಳದಿ ಸ್ಟಾಕಿಂಗ್ಸ್ ಹಾಕ್ಕೊಂಡು ಬಂದಾಗಂತೂ ಕೇಳ್ಬೇಡಿ.

ಅದೇ ಮನುಷ್ಯನ್ನ ಹುಚ್ಚ ಅಂತ ಕತ್ತಲೆ ಕೋಣೇಲಿ ಕೂಡಿ ಹಾಕಿದಾಗ, ವಿದೂಷಕ ಫೆಸ್ಟೆ ಪಾದ್ರಿ ವೇಷದಲ್ಲಿ ಬಂದು ಕೋಣೆ ತುಂಬ ಬೆಳಕಿದೆ ಅಂತ ವಾದ ಮಾಡಿದಾಗ, ನಗು ಗಂಟಲಲ್ಲೇ ಉಳೀತು. ಕೊನೇಲಿ ನಿಮ್ಮ ಗುಂಪಿಗೆಲ್ಲ ಸೇಡು ತೀರಿಸ್ಕೊಳ್ತೀನಿ ಅಂತ ಹೇಳೋವಾಗ ಅವನು ಅಂಗಳದ ಕಡೆ ತಿರುಗಿದ. ಗುಟ್ಟು ನನಗೆ ಗೊತ್ತಿತ್ತಲ್ಲ, ನಾನೂ ಆ ಗುಂಪಲ್ಲೇ ಇದ್ದೆ.

ಫೆಸ್ಟೆ ಮಳೆ ಹಾಡು ಹಾಡ್ತಿದ್ರೂ ನನ್ನ ಕಣ್ಣು ಮಾಲ್ವೋಲಿಯೋ ಹೊರಟುಹೋದ ಬಾಗಿಲ ಮೇಲೇ. ಸಮಾಧಾನ ಮಾಡಿ ಅಂತ ಡ್ಯೂಕ್ ಅವನ ಹಿಂದೆ ಆಳು ಅಟ್ತಾನೆ, ಆದ್ರೆ ಮಾಲ್ವೋಲಿಯೋ ವಾಪಸ್ ಬರೋ ಸೀನು ನಾಟಕದಲ್ಲಿ ಇಲ್ಲ.