ಸಾಲಿ ಬಿಟ್ಟವರ ಭಾನುವಾರ

ಬನಹಟ್ಟಿಯಲ್ಲಿ ಶಾಲೆ ಬಿಟ್ಟ ಹುಡುಗರನ್ನು ಹುಡುಕೋದು ಕಷ್ಟವಲ್ಲ. ಮಗ್ಗದ ಸದ್ದು ಬರುವ ಕಡೆ ಹೋದರೆ ಸಾಕು. ಗಣಿತದಲ್ಲಿ ಫೇಲೋ, ಮಾಸ್ತರರ ಬೈಗುಳವೋ, ಮನೆಯ ಸಾಲವೋ, ಕಾರಣ ಏನೋ ಒಂದು.

ನಾವು ಕೆಲವರು ಭಾನುವಾರ ಅಂಥವರ ಜೊತೆ ಕೂರುತ್ತೇವೆ. ಪಾಠ ಕಡಿಮೆ, ಹರಟೆ ಜಾಸ್ತಿ. ಮೊನ್ನೆ 18 ತುಂಬಿದ ಒಬ್ಬ 'ನನಗ ಗಣಿತ ತಲಿಗೆ ಹತ್ತೂದಿಲ್ರೀ ಅಣ್ಣಾ' ಅಂದ. ಅದೇ ಹುಡುಗ ವಾರಕ್ಕೆ ಎಷ್ಟು ಸೀರೆ, ಸೀರೆಗೆ ಎಷ್ಟು ಕೂಲಿ, ಮುಂಗಡಕ್ಕೆ ಎಷ್ಟು ಮುರಿದರು ಅಂತ ಬೆರಳೂ ಮಡಚದೆ ಹೇಳಿದ. ಕೂಲಿ ಚೀಟಿಯಲ್ಲಿದ್ದ ತಪ್ಪನ್ನೂ ಹಿಡಿದಿದ್ದನಂತೆ! ಅವತ್ತು ಆ ಚೀಟಿಯನ್ನೇ ಇಟ್ಟುಕೊಂಡು ಶೇಕಡಾ ಲೆಕ್ಕ ಮಾಡಿದೆವು.

ಎನ್‌ಐಒಎಸ್ ಅನ್ನೋ ಮುಕ್ತ ಶಾಲೆ, ಅಂದರೆ ದಿನಾ ತರಗತಿಗೆ ಹೋಗದೆ ಓದಿ ಪರೀಕ್ಷೆ ಬರೆಯೋ ವ್ಯವಸ್ಥೆ, ಇದೆ ಅಂತ ಇವರಿಗೆ ಯಾರೂ ಹೇಳಿರಲ್ಲ. 14 ವರ್ಷ ತುಂಬಿದ್ದರೆ ಹತ್ತನೇ ತರಗತಿಗೆ ಹೆಸರು ಹಚ್ಚಬಹುದು. 5 ವಿಷಯ ಪಾಸಾದರೆ ಸಾಕು, ಅದಕ್ಕೆ 5 ವರ್ಷ ಟೈಮು. ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. 2009ರ ಕಡ್ಡಾಯ ಶಿಕ್ಷಣ ಕಾಯ್ದೆಯ ಆಸರೆ 14ನೇ ವಯಸ್ಸಿಗೇ ನಿಂತುಬಿಡುತ್ತೆ. ಹುಡುಗರು ಕೈಬಿಟ್ಟು ಹೋಗೋದು ಅಲ್ಲಿಂದಲೇ ಅಲ್ವಾ?

ಸುಮ್ನೆ ಫಾರ್ಮ್ ತುಂಬಿಸಿದರೆ ಆಗಲ್ಲ. 'ಹೋದ ವಾರ ಯಾಕೋ ಬರಲಿಲ್ಲ?' ಅಂತ ಬೈಯದೆ ಕೇಳುವ ಒಬ್ಬರು ಬೇಕು. ರಬಕವಿ, ಬನಹಟ್ಟಿ ಕಡೆ ವಾರಕ್ಕೆ ಎರಡು ತಾಸು ಕೊಡೋರಿದ್ದರೆ ಮೆಸೇಜ್ ಮಾಡಿ. ಇಂಗ್ಲಿಷ್ ಕಲಿಸೋರು ಸಿಕ್ಕರೆ ಭಾಳ ಉಪಕಾರ, ನಮ್ಮ ಗುಂಪಿನವರದು ಅದರಲ್ಲಿ ಅಷ್ಟಕ್ಕಷ್ಟೇ.