ಸೂಳೆಕೆರೆಯ ಹಳೆಯ ಟೋಪೋಶೀಟ್: ನೀಲಿಗಿಂತ ಏರಿ ನಂಬಿಕಸ್ತ

ಭಾನುವಾರ, 12 ಜನವರಿ 2025

ಹಳೆಯ ಟೋಪೋಶೀಟನ್ನು (ನೆಲದ ಏರಿಳಿತ, ಕೆರೆ, ಕಾಡು ತೋರಿಸುವ ನಕ್ಷೆಯ ಹಾಳೆ) ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅದರ ನಿಜವಾದ ಜಾಗದಲ್ಲಿ ಕೂರಿಸುವುದು ಹೇಗೆ ಎಂದು ನೋಡೋಣ. ಇವತ್ತು ಮಡಿಕೆ ಬಿಚ್ಚಿದ್ದು 48ಎನ್/16 ಸಂಖ್ಯೆಯ ಹಾಳೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅದರ ಸುತ್ತಲಿನ ಕಾಡುಗುಡ್ಡಗಳು ಬರುವ ಸರ್ವೆ ಆಫ್ ಇಂಡಿಯಾ ಹಾಳೆ. ಇಂಚಿಗೊಂದು ಮೈಲಿಯ ಹಳೆಯ ಹಾಳೆಗೂ 1:50,000ರ ಹಾಳೆಗೂ ಇದೇ ಸಂಖ್ಯೆ. ಹಾಗಾಗಿ ಮೊದಲು ಅಂಚು ಓದಬೇಕು: ಅಚ್ಚಾದ ವರ್ಷ ಬೇರೆ, ಸರ್ವೆಯಾದ ವರ್ಷ ಬೇರೆ. ನಮಗೆ ಬೇಕಾದದ್ದು ಎರಡನೆಯದು.

ಸ್ಕ್ಯಾನ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು. ಇಂಚು ಹಾಳೆಯಲ್ಲಿ ಒಂದು ಪಿಕ್ಸೆಲ್ ಸುಮಾರು 5.4 ಮೀಟರ್. ಬಟ್ಟೆಗೆ ಅಂಟಿಸಿದ ಹಾಳೆಗಳನ್ನು ಮಡಿಸಲೆಂದು ತುಂಡು ಮಾಡಿರುತ್ತಾರೆ. ನಡುವಿನ ಸಂದು ನೆಲದ ಮೇಲೆ ಇಲ್ಲವೇ ಇಲ್ಲ, ಆದ್ದರಿಂದ ಒಂದೊಂದು ತುಂಡನ್ನೂ ಬೇರೆಯಾಗಿ ಕತ್ತರಿಸಿಕೊಂಡು ಕೂರಿಸಬೇಕು. ಇಡೀ ಹಾಳೆಯಾದರೆ 5 ಮಿನಿಟಿನ ಗೆರೆಗಳು ಕೂಡುವ 16 ಬಿಂದುಗಳನ್ನೂ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಗುರುತಿಸಿ. ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ದೀರ್ಘಗೋಳದವು, ಅಂದರೆ ಭಾರತದ ಹಳೆಯ ಸರ್ವೆಗೆ ಬಳಸಿದ ಭೂಮಿಯ ಆಕಾರದ ಲೆಕ್ಕದವು. ಈಗಿನ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂದು ಕೊಟ್ಟರೆ ಈ ಭಾಗದಲ್ಲಿ ಕೆರೆಯೇ ನೂರು ಇನ್ನೂರು ಮೀಟರ್ ಸರಿದು ಕೂರುತ್ತದೆ. ಎವರೆಸ್ಟ್ ಲೆಕ್ಕದ ಕಲ್ಯಾಣಪುರ 1975 (Kalianpur 1975; ತಂತ್ರಾಂಶದ ಪಟ್ಟಿಯಲ್ಲಿ ಇಪಿಎಸ್‌ಜಿ 4146) ಆರಿಸಿ, ಆಮೇಲೆ ಡಬ್ಲ್ಯೂಜಿಎಸ್ 84ಕ್ಕೆ ಪರಿವರ್ತಿಸಿ.

ಸರಿಯಾಗಿ ಕೂತಿದೆಯೇ ಎಂದು ನೋಡಲು ನೀರಿನ ಅಂಚನ್ನು ಹಿಡಿಯಬೇಡಿ. ನಕ್ಷೆಯ ನೀಲಿ ಸರ್ವೆಯ ಕಾಲದ ನೀರಿನದು. ಅಷ್ಟಕ್ಕೇ ಕೆರೆಯಂಗಳ ಮುಗಿಯಿತು ಎಂದಲ್ಲ. ಸಮಾನ ಎತ್ತರದ ಜಾಗಗಳನ್ನು ಕೂಡಿಸುವ, 50 ಅಡಿ ಅಂತರದ ಕಂದು ಗೆರೆಗಳೂ ಇಲ್ಲಿ ನೆರವಾಗವು, ತುಂಬಿದಾಗಿನ ಮಟ್ಟ ಎರಡು ಗೆರೆಗಳ ನಡುವೆ ಎಲ್ಲೋ ಇರುತ್ತದೆ. ಸೂಳೆಕೆರೆಯ ಏರಿಯನ್ನು ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡ ಕಟ್ಟಿದ್ದಾರೆ; ಶತಮಾನಗಳಿಂದ ಅದು ಕದಲಿಲ್ಲ. ಏರಿಯ ಎರಡು ತುದಿ ಉಪಗ್ರಹ ಚಿತ್ರದೊಂದಿಗೆ ಹೊಂದಿದರೆ ಉಳಿದದ್ದನ್ನು ನಂಬಬಹುದು.

ಸುತ್ತಲಿನ ಸಣ್ಣ ಕೆರೆಗಳ ಏರಿಯ ಪಕ್ಕದಲ್ಲಿ 6ಆರ್, 10ಆರ್ ಎಂಬಂತಹ ಬರಹ ಇದ್ದರೆ ಅದು ಪಕ್ಕದ ನೆಲದಿಂದ ಏರಿಯ ಎತ್ತರ. ಹಳೆಯ ಹಾಳೆಯಲ್ಲಿ ಅಡಿ, ಮೆಟ್ರಿಕ್ ಹಾಳೆಯಲ್ಲಿ ಮೀಟರ್. ಇದನ್ನು ಮರೆತು ಎರಡು ಕಾಲದ ಏರಿಗಳನ್ನು ಹೋಲಿಸಿದರೆ ಹೂಳಿನ ಲೆಕ್ಕವೆಲ್ಲ ತಲೆಕೆಳಗು.

ಕಾಡಿನ ವಿಷಯಕ್ಕೆ ಬಂದರೆ, ಹಸಿರು ಬಣ್ಣ ಮರಗಳಿದ್ದ ಜಾಗ, ಆರ್.ಎಫ್. (ರಿಸರ್ವ್ಡ್ ಫಾರೆಸ್ಟ್) ಎಂಬ ಅಕ್ಷರದ ಜೊತೆಗಿನ ಗಡಿರೇಖೆ ಕಾಯ್ದಿಟ್ಟ ಅರಣ್ಯದ ಎಲ್ಲೆ. ಇವೆರಡೂ ಒಂದೇ ಕಡೆ ಓಡಬೇಕೆಂದಿಲ್ಲ. ಎರಡನ್ನೂ ಬೇರೆ ಬೇರೆ ಲೇಯರ್‌ಗಳಲ್ಲಿ ಗೀಚಿ. ‘ಓಪನ್ ಸ್ಕ್ರಬ್’, ‘ಡೆನ್ಸ್ ಮಿಕ್ಸ್‌ಡ್ ಜಂಗಲ್’ ಮುಂತಾದ ಬರಹಗಳನ್ನು ಇದ್ದ ಹಾಗೆಯೇ ಬರೆದಿಟ್ಟುಕೊಳ್ಳಿ. ಕಾಡಿನ ದಟ್ಟಣೆ ತಿಳಿಯುವುದು ಬಣ್ಣದಿಂದಲ್ಲ, ಅವುಗಳಿಂದ. ಒತ್ತುವರಿಯ ಅಳತೆಗೆ ಮಾತ್ರ ಈ ಹಾಳೆ ಬೇಡ: ಇಂಚು ಹಾಳೆಯಲ್ಲಿ 0.2 ಮಿಲಿಮೀಟರ್ ಗೆರೆಯೇ ನೆಲದ ಮೇಲೆ 12 ಮೀಟರಿಗಿಂತ ಹೆಚ್ಚು. ಅದಕ್ಕೆ ಗ್ರಾಮನಕ್ಷೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣದ ದಾಖಲೆ) ತೆಗೆಸಬೇಕು.