2009ರಲ್ಲಿ ಪಾಸೌಟ್ ಆದವನ ಕಥೆ

ಇವತ್ತು ಆಫೀಸ್ ಕಾಲ್‌ನಲ್ಲಿ ಲಂಡನ್ನಿನ ಹೊಸ ಸಹೋದ್ಯೋಗಿಗೆ ಪರಿಚಯ ಹೇಳಿಕೊಳ್ಳುತ್ತಾ ‘ಐ ಪಾಸ್ಡ್ ಔಟ್ ಇನ್ 2009’ ಅಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, ಪಾಪ, ‘ಈಗ ಹುಷಾರಾಗಿದ್ದೀರಾ?’ ಅಂತ ಕೇಳಿದರು.

ಅಲ್ಲಿ ಪಾಸ್ ಔಟ್ ಅಂದರೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪೋದು. ಬಿಸಿಲಿಗೆ ತಲೆ ತಿರುಗಿ ಬಿದ್ದರೂ ಅದೇ, ಜಾಸ್ತಿ ಕುಡಿದು ಸೋಫಾ ಮೇಲೆ ಉರುಳಿದರೂ ಅದೇ. ಮೇಷ್ಟ್ರು ಕ್ಲಾಸಿನಲ್ಲಿ ಪ್ರಶ್ನೆಪತ್ರಿಕೆ ಹಂಚಿದರೆ ಅದಕ್ಕೂ ಪಾಸ್ ಔಟ್ ಅನ್ನುತ್ತಾರೆ. ನಾನು ‘ಗ್ರ್ಯಾಜುಯೇಟ್ ಆದೆ’ ಅಂದಿದ್ದರೆ ಮುಗೀತಿತ್ತು.

ಹಾಗಂತ ನಮ್ಮದು ಗಾಳಿಯಲ್ಲಿ ಹುಟ್ಟಿದ ಮಾತೂ ಅಲ್ಲ. ಬ್ರಿಟಿಷ್ ಸೇನೆಯಲ್ಲಿ ತರಬೇತಿ ಮುಗಿಸಿದವರ ಕವಾಯತಿಗೆ ಪಾಸಿಂಗ್ ಔಟ್ ಪರೇಡ್ ಅಂತಲೇ ಹೆಸರು, ನಮ್ಮ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲೂ ಪ್ರತಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ಅದು ನಡೆಯುತ್ತದೆ, ಕಾಲೇಜಿನವರು ಅಲ್ಲಿಂದಲೇ ಎತ್ತಿಕೊಂಡಿರಬೇಕು ಅಂತ ನನ್ನ ಊಹೆ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತು ಯಾರಾದರೂ ದೊಪ್ಪನೆ ಬಿದ್ದರೆ ಎರಡೂ ಅರ್ಥ ಒಟ್ಟಿಗೇ ಆಯ್ತು, ಅಲ್ವಾ?

ಆಮೇಲೆ ಅನ್ನಿಸಿತು, ನಾವೇನು ಕಮ್ಮಿ? ಹೊಸದಾಗಿ ಕನ್ನಡ ಕಲಿಯುವವರ ಮುಂದೆ ‘ಗೆಳೆಯ ಕೈ ಕೊಟ್ಟ’ ಅಂದರೆ, ಓ, ಸಹಾಯ ಮಾಡಿದ ಅಂದುಕೊಂಡು ಖುಷಿಪಡುತ್ತಾರೆ. ‘ಕೈ ಹಿಡಿದ’, ‘ಕೈ ಬಿಟ್ಟ’, ‘ಕೈ ಎತ್ತಿದ’. ಕೈ ಒಂದೇ, ಕಥೆ ಬೇರೆ ಬೇರೆ.

ಕಾಲ್ ಮುಗಿದ ಮೇಲೆ ಸುಮ್ನೆ ನನ್ನ ರೆಸ್ಯೂಮೆ ತೆಗೆದು ನೋಡಿದೆ. ಎರಡನೇ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿದೆ: ‘ಪಾಸ್ಡ್ ಔಟ್ ವಿತ್ ಡಿಸ್ಟಿಂಕ್ಷನ್’. ಇಷ್ಟು ವರ್ಷ ಎಷ್ಟು ಜನ ಓದಿದ್ದಾರೋ!